ಮಸರಕಲ್ಲಿನ ಭಾಗಣ್ಣ

ರಾಯಚೂರು ಜಿಲ್ಲೆಯ ನಕ್ಷೆಯಲ್ಲಿ ಮಾನ್ವಿ, ದೇವದುರ್ಗಗಳತ್ತ ಒಮ್ಮೆ ಕಣ್ಣು ಹಾಯಿಸಿ. ಚೀಕಲಪರವಿ ವಿಜಯದಾಸರ ಊರು, ಬ್ಯಾಗವಾಟ ಜಗನ್ನಾಥದಾಸರದು. ಇವರಿಬ್ಬರ ನಡುವಿನ ಕೊಂಡಿ ಮಸರಕಲ್ಲಿನವರು. 1721ರ ಸುಮಾರಿಗೆ ಇಲ್ಲಿ ಹುಟ್ಟಿದ ಭಾಗಣ್ಣ, ವಿಜಯದಾಸರಿಂದ ‘ಗೋಪಾಲವಿಠಲ’ ಅಂಕಿತ ಪಡೆದು ಗೋಪಾಲದಾಸರಾದರು.

ಉದರವ್ಯಾಧಿಯಿಂದ ನರಳುತ್ತಿದ್ದ ಸಂಸ್ಕೃತ ಪಂಡಿತ ಶ್ರೀನಿವಾಸಾಚಾರ್ಯರಿಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆ ಎರೆದರೆಂಬುದು ಸಂಪ್ರದಾಯದ ಮಾತು. ವಿಜ್ಞಾನ ಓದಿದ ನಾನು ಅದನ್ನು ಅಳೆಯಲಾರೆ. ಆದರೆ ಫಲ ಕಣ್ಣೆದುರಿಗಿದೆ: ಆ ಪಂಡಿತರೇ ಜಗನ್ನಾಥದಾಸರಾಗಿ ಕನ್ನಡಕ್ಕೆ ತಿರುಗಿದರು, ಭಾಮಿನಿ ಷಟ್ಪದಿಯ ‘ಹರಿಕಥಾಮೃತಸಾರ’ ಬರೆದರು.

ಗೋಪಾಲದಾಸರು ಕೀರ್ತನೆಗಳಷ್ಟೇ ಅಲ್ಲ, ಸುಳಾದಿಗಳನ್ನೂ ರಚಿಸಿದರು. ಸುಳಾದಿಯೆಂದರೆ ಒಂದೇ ವಿಷಯವನ್ನು ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಮೊದಲಾದ ತಾಳಗಳಲ್ಲಿ ಹಂತಹಂತವಾಗಿ ಬೆಳೆಸುವ ರಚನೆ. ತಾಳ ಬದಲಾದಂತೆ ವಿಚಾರವೂ ಮುಂದೆ ಸಾಗುತ್ತದೆ.

ಸಾಹಿತ್ಯವೇನೋ ಹಸ್ತಪ್ರತಿಗಳಲ್ಲಿ ಉಳಿಯಿತು. ಲಿಂಗಸುಗೂರಿನ ಗೋರಬಾಳ ಹನುಮಂತರಾಯರು ದಾಸರ ಕೃತಿಗಳನ್ನು ಹುಡುಕಿ ಅಚ್ಚು ಹಾಕಿಸಿದರು. ಮೂಲ ಧಾಟಿ ಮಾತ್ರ ಬಹುಪಾಲು ಕೈತಪ್ಪಿತು. ಕಚೇರಿಗಳಲ್ಲಿ ನಾವು ಕೇಳುವ ರಾಗಸಂಯೋಜನೆಗಳು ಹೆಚ್ಚಾಗಿ ನಂತರದವರವು.

ಬರೆದ ಹಾಳೆಯನ್ನು ಕ್ಯಾಮೆರಾ ಹಿಡಿದೀತು, ನಿಂತುಹೋದ ದನಿಯನ್ನು ಹಿಡಿಯದು. ವೀಕ್ಷಕರೇ, ನಿಮ್ಮ ಮನೆಯ ಅಜ್ಜಿ ದಾಸರ ಪದವೊಂದನ್ನು ಹಳೆಯ ಧಾಟಿಯಲ್ಲಿ ಹಾಡುವವರಿದ್ದರೆ, ಇಂದೇ ಧ್ವನಿ ಮುದ್ರಿಸಿಡಿ.