ಪರ್ತ್–ಕೊಗ್ಗಲ ವಿಮಾನಮಾರ್ಗವೂ ಮನೆಯ ಸಿಮ್ಯುಲೇಟರೂ

೧೯೪೨ರ ಫೆಬ್ರುವರಿ ೧೫ರಂದು ಸಿಂಗಪುರವು ಜಪಾನೀಯರ ವಶವಾಯಿತು; ಮುಂದಿನ ತಿಂಗಳಲ್ಲಿ ಜಾವಾ ದ್ವೀಪವೂ ಬಿದ್ದಿತು. ಅಲ್ಲಿಗೆ ಆಸ್ಟ್ರೇಲಿಯಕ್ಕೂ ಬ್ರಿಟನ್ನಿಗೂ ಇದ್ದ ವಿಮಾನಸಂಪರ್ಕವು ಕಡಿದುಹೋಯಿತು. ಇದನ್ನು ಮತ್ತೆ ಕೂಡಿಸುವ ಸಲುವಾಗಿ ೧೯೪೩ರ ಮಧ್ಯಭಾಗದಿಂದ ೧೯೪೫ರ ಜುಲೈವರೆಗೆ ಕ್ವಾಂಟಾಸ್ ಸಂಸ್ಥೆಯು ಪರ್ತ್ ನಗರದ ಸ್ವಾನ್ ನದಿಯಿಂದ ಸಿಂಹಳದ ದಕ್ಷಿಣ ತೀರದಲ್ಲಿರುವ ಕೊಗ್ಗಲ ಸರೋವರಕ್ಕೆ ಕೆಟಲೀನಾ ಎಂಬ ಹಾರುದೋಣಿಗಳನ್ನು ನಡೆಸಿತು. ನಡುವೆ ಎಲ್ಲಿಯೂ ಇಳಿಯುವಂತಿಲ್ಲ. ಒಂದೊಂದು ಯಾನಕ್ಕೆ ೨೭ರಿಂದ ೩೩ ಗಂಟೆಗಳು ಹಿಡಿಯುತ್ತಿದ್ದವು. ಒಂದೇ ಯಾನದಲ್ಲಿ ಎರಡು ಸಲ ಸೂರ್ಯೋದಯವನ್ನು ಕಾಣುತ್ತಿದ್ದುದರಿಂದ ಇದಕ್ಕೆ ‘ಎರಡು ಸೂರ್ಯೋದಯ’ದ ಯಾನವೆಂದು ಹೆಸರಾಯಿತು.

ಈ ಮಾರ್ಗದ ದೂರವೆಷ್ಟು ಎಂಬ ಸಣ್ಣ ಪ್ರಶ್ನೆಯೇ ನಮ್ಮನ್ನು ಈ ಲೇಖನಕ್ಕೆ ತೊಡಗಿಸಿತು. ಕೆಲವು ಬರಹಗಳು ಅದನ್ನು ಸುಮಾರು ೩,೫೦೦ ಮೈಲಿ ಎನ್ನುತ್ತವೆ. ಮತ್ತೆ ಕೆಲವು ಅದೇ ಅಂಕೆಯನ್ನು ನಾಟಿಕಲ್ ಮೈಲಿಯೆಂದು ಕೊಡುತ್ತವೆ. ಮೊದಲನೆಯದಾದರೆ ದೂರವು ೫,೬೫೦ ಕಿಲೋಮೀಟರಿನಷ್ಟು. ಎರಡನೆಯದಾದರೆ ಸುಮಾರು ೬,೫೦೦. ನಡುವಣ ಅಂತರ ೮೫೦ ಕಿಲೋಮೀಟರು. ಇಂಧನದ ಕೊನೆಯ ಹನಿಯವರೆಗೂ ಲೆಕ್ಕವಿಟ್ಟು ಹಾರಬೇಕಾಗಿದ್ದ ಯಾನದಲ್ಲಿ ಇದು ಅಲ್ಪವಾದ ವ್ಯತ್ಯಾಸವಲ್ಲ.

ಇಂಥ ಪ್ರಶ್ನೆಯನ್ನು ಬಿಡಿಸಲು ಮನೆಯ ಗಣಕಯಂತ್ರದ ಮೇಲಿನ ವಿಮಾನ ಸಿಮ್ಯುಲೇಟರನ್ನು ಆಶ್ರಯಿಸಿದೆವೆಂದರೆ ಹಿರಿಯ ಸಹೋದ್ಯೋಗಿಗಳು ನಗಬಹುದು. ಅದು ಆಟವೆಂಬುದು ನಿಜ. ಆದರೆ ೧೯೨೯ರಲ್ಲಿ ಎಡ್ವಿನ್ ಲಿಂಕ್ ಎಂಬಾತನು ನಿರ್ಮಿಸಿದ ತರಬೇತಿಯಂತ್ರಕ್ಕೂ, ೧೯೭೯ರ ಸುಮಾರಿಗೆ ಬ್ರೂಸ್ ಆರ್ಟ್‌ವಿಕ್ ಎಂಬಾತನು ಗಣಕಯಂತ್ರಕ್ಕೆ ರಚಿಸಿದ ಸಿಮ್ಯುಲೇಟರಿಗೂ ಉದ್ದೇಶದಲ್ಲಿ ಸಂಬಂಧವುಂಟು. ಇಂದಿನ ಸಿಮ್ಯುಲೇಟರುಗಳಲ್ಲಿ ಭೂಮಂಡಲವೆಲ್ಲವೂ ಅಡಕವಾಗಿದೆ. ಹೊರಡುವ ಸ್ಥಳವನ್ನೂ ಸೇರುವ ಸ್ಥಳವನ್ನೂ ಸೂಚಿಸಿದರೆ ಅದು ಗೋಲದ ಮೇಲಿನ ಅತ್ಯಂತ ಹತ್ತಿರದ ದಾರಿಯನ್ನು, ಎಂದರೆ ಮಹಾವೃತ್ತವನ್ನು, ಎಳೆದು ತೋರಿಸುತ್ತದೆ.

ಮಹಾವೃತ್ತದ ಮಹತ್ವವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಲಿಂಡ್‌ಬರ್ಗನ ೧೯೨೭ರ ಯಾನದಿಂದ ಅರಿಯುತ್ತಾರೆ. ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಒಂದೇ ದಿಕ್ಕನ್ನು ಹಿಡಿದು ಹಾರಿದರೆ ದೂರವು ೬,೦೦೦ ಕಿಲೋಮೀಟರಿಗೂ ಮಿಕ್ಕುವುದು. ಮಹಾವೃತ್ತದಲ್ಲಿ ಸುಮಾರು ೨೪೦ ಕಿಲೋಮೀಟರು ಉಳಿಯುತ್ತದೆ. ಆದಕಾರಣ ಆತನು ದಾರಿಯನ್ನು ನೂರು ನೂರು ಮೈಲಿಗಳ ಖಂಡಗಳಾಗಿ ವಿಭಾಗಿಸಿ, ಒಂದೊಂದು ಖಂಡಕ್ಕೂ ದಿಕ್ಕನ್ನು ತಿದ್ದಿಕೊಂಡನು. ಪರ್ತ್–ಕೊಗ್ಗಲ ಮಾರ್ಗವನ್ನು ನಾವು ಎರಡು ಬಗೆಯಲ್ಲಿಯೂ ಅಳೆದು ನೋಡಿದೆವು. ಅಂತರವು ಹತ್ತು ಕಿಲೋಮೀಟರಿಗಿಂತಲೂ ಕಡಮೆ! ಭೂಮಧ್ಯರೇಖೆಯನ್ನು ಓರೆಯಾಗಿ ದಾಟುವ ದಾರಿಯಲ್ಲಿ ಹೀಗಾಗುವುದು ಸಹಜವೇ ಆದರೂ, ಸಾಗರಯಾನಕ್ಕೆಲ್ಲ ಒಂದೇ ಸೂತ್ರವೆಂದು ನಂಬಿದ್ದ ನಮಗೆ ಇದು ಹೊಸ ಪಾಠವಾಯಿತು. ಎರಡು ಬಗೆಯಲ್ಲಿಯೂ ದೂರವು ೫,೬೫೦ ಕಿಲೋಮೀಟರಿನ ಆಸುಪಾಸಿಗೇ ಬಂದಿತು.

ಆದರೂ ಶತ್ರುವನ್ನು ತಪ್ಪಿಸಲು ಸುತ್ತುಬಳಸಿ ಹೋಗಿರಬಾರದೇಕೆ ಎಂದು ಕೇಳಬಹುದು. ಇದಕ್ಕೆ ವೇಗದ ಲೆಕ್ಕವು ಉತ್ತರ ಕೊಡುತ್ತದೆ. ಕೆಟಲೀನಾದ ಸಾಮಾನ್ಯ ಯಾನವೇಗ ಗಂಟೆಗೆ ೨೦೦ ಕಿಲೋಮೀಟರಿನಷ್ಟು. ದೂರವು ೫,೬೫೦ ಆದರೆ ಗಾಳಿಯಿಲ್ಲದ ದಿನ ೨೮ ಗಂಟೆ ಸಾಕು. ಗಂಟೆಗೆ ಮೂವತ್ತು ಕಿಲೋಮೀಟರಿನ ಎದುರುಗಾಳಿ ಬೀಸಿದರೆ ೩೩ ಗಂಟೆ. ದಾಖಲೆಯಲ್ಲಿರುವ ಅವಧಿಗಳು ಇದಕ್ಕೆ ಒಪ್ಪುತ್ತವೆ. ದೂರವು ೬,೫೦೦ ಎಂದಾದರೆ, ಅತ್ಯಂತ ನಿಧಾನದ ೩೩ ಗಂಟೆಗಳ ಯಾನಕ್ಕೂ ಎದುರುಗಾಳಿಯೇ ಇಲ್ಲದಿರಬೇಕು, ಉಳಿದವೆಲ್ಲಕ್ಕೂ ಬೆಂಬಲದ ಗಾಳಿ ಬೀಸಿರಬೇಕು. ಹೋಗುವಾಗಲೂ ಬರುವಾಗಲೂ ಗಾಳಿಯು ಬೆನ್ನಿಗೇ ಇರುವುದು ಸಾಧ್ಯವೆ? ಆದುದರಿಂದ ಇದು ಸಾಮಾನ್ಯ ಮೈಲಿಯ ಅಂಕೆಯೆಂದೂ, ಯಾರೋ ಒಬ್ಬರು ತಿಳಿಯದೆ ಸೇರಿಸಿದ ‘ನಾಟಿಕಲ್’ ಎಂಬ ಪದವು ಮುಂದಿನವರ ಕೈಯಲ್ಲಿ ಬೆಳೆದಿರಬೇಕೆಂದೂ ನಮ್ಮ ಅಭಿಪ್ರಾಯ.

ಈ ಗುಣಾಕಾರ ಭಾಗಾಕಾರಗಳಿಗೆ ಕಾಗದ ಸೀಸದಕಡ್ಡಿಗಳು ಸಾಲವೆ ಎಂದರೆ, ಸಾಕು. ಆದರೆ ಪ್ರಶ್ನೆಯು ನಮಗೆ ಹೊಳೆದುದು ಯಾನವನ್ನು ಯೋಜಿಸುವಾಗಲೇ. ಇಷ್ಟು ಭಾರದ ವಿಮಾನಕ್ಕೆ ಇಷ್ಟು ಇಂಧನ, ಇಷ್ಟು ಗಾಳಿ ಎಂದು ತುಂಬಿಸುತ್ತಾ ಹೋದಾಗ, ೬,೫೦೦ರ ಅಂಕೆಯೊಡನೆ ನಮ್ಮ ಯೋಜನೆಯು ಹೊಂದಿಕೊಳ್ಳಲೇ ಇಲ್ಲ. ಮೂವರು ಪ್ರಯಾಣಿಕರು, ೬೯ ಕಿಲೋಗ್ರಾಂ ಅಂಚೆ, ಇಷ್ಟನ್ನು ಮಾತ್ರ ಏಕೆ ಒಯ್ಯುತ್ತಿದ್ದರು, ಹಿಮ ಕರಗಿಸುವ ಸಾಧನವನ್ನೂ ಶಾಖರಕ್ಷಕ ಹೊದಿಕೆಯನ್ನೂ ಏಕೆ ಕಿತ್ತುಹಾಕಿದರು ಎಂಬುದೂ ಆಗಲೇ ಮನವರಿಕೆಯಾಯಿತು. ಪುಸ್ತಕದಲ್ಲಿ ಅದನ್ನು ಹಲವು ಸಲ ಓದಿದ್ದೆವು.

ಸಿಮ್ಯುಲೇಟರು ಕೊಡಲಾರದ್ದೂ ಬಹಳವಿದೆ. ಮೊದಲ ಸಲ ನಾವು ಕಾಲವನ್ನು ನಾಲ್ಕು ಪಟ್ಟು ತ್ವರೆಗೊಳಿಸಿ ಹಾರಿ, ಏಳು ಗಂಟೆಗಳಲ್ಲಿ ಸಿಂಹಳವನ್ನು ಮುಟ್ಟಿ ತೃಪ್ತಿಪಟ್ಟೆವು. ಅದು ಇತಿಹಾಸವಲ್ಲವೆಂದು ಬೇಗನೆ ತಿಳಿಯಿತು. ಉಪಗ್ರಹವು ಸ್ಥಾನವನ್ನು ಹೇಳಿಕೊಡುವ ಉಪಕರಣವನ್ನು ಆರಿಸಿಟ್ಟರೂ, ಬೇಕೆಂದಾಗ ನಿಲ್ಲಿಸುವ ಗುಂಡಿ ನಮ್ಮ ಕೈಯಲ್ಲಿಯೇ ಇತ್ತು. ಶತ್ರುವಿಗೆ ಸುಳಿವು ದೊರೆಯಬಾರದೆಂದು ಅವರು ರೇಡಿಯೋವನ್ನು ಬಹುಮಟ್ಟಿಗೆ ಮೌನವಾಗಿಟ್ಟು, ಶತ್ರುವಿನ ಹಿಡಿತದಲ್ಲಿದ್ದ ಭಾಗವನ್ನು ಕತ್ತಲಲ್ಲಿ ದಾಟುವಂತೆ ಹೊರಡುವ ಹೊತ್ತನ್ನು ಗೊತ್ತುಮಾಡಿಕೊಂಡು, ನಕ್ಷತ್ರಗಳನ್ನು ನೋಡಿ ದಾರಿ ಹಿಡಿದವರು. ಐದು ವಿಮಾನಗಳಿಗೂ ಆಲ್ಟೇರ್, ವೇಗಾ, ರೈಜೆಲ್, ಸ್ಪೈಕಾ, ಆಂಟಾರೀಸ್ ಎಂದು ನಕ್ಷತ್ರಗಳ ಹೆಸರುಗಳನ್ನೇ ಇಟ್ಟಿದ್ದರು. ಅರ್ಧದಾರಿ ಕಳೆದ ಮೇಲೆ ಹಿಂದಿರುಗಲು ಇಂಧನವಿಲ್ಲವೆಂಬ ಅರಿವು ಮನುಷ್ಯನಿಗೆ ಏನು ಮಾಡುತ್ತದೆಂಬುದನ್ನು ಕುರ್ಚಿಯಲ್ಲಿ ಕುಳಿತವನು ಊಹಿಸಬಹುದೇ ಹೊರತು ಅನುಭವಿಸಲಾರನು.

ಮೂಲ ವಿಮಾನಗಳನ್ನೇ ಪರೀಕ್ಷಿಸೋಣವೆಂದರೆ ಅವು ಉಳಿದಿಲ್ಲ. ಅಮೆರಿಕದಿಂದ ಯುದ್ಧಕಾಲದ ಒಪ್ಪಂದದ ಮೇಲೆ ಬಂದವಾದ್ದರಿಂದ, ಯುದ್ಧವು ಮುಗಿದ ಮೇಲೆ ಅವುಗಳಲ್ಲಿ ನಾಲ್ಕನ್ನು ಪರ್ತಿನ ಎದುರಿಗಿರುವ ರಾಟ್‌ನೆಸ್ಟ್ ದ್ವೀಪದ ಆಚೆ ಸಮುದ್ರದಲ್ಲಿ ಮುಳುಗಿಸಿದರು.