ದೂರದರ್ಶಕ ದರ್ಪಣ ಪರೀಕ್ಷೆ

ಉಜ್ಜಿ ನಯಗೊಳಿಸುತ್ತಿರುವ ದರ್ಪಣ ತನ್ನ ನಿಗದಿತ ಆಕಾರಕ್ಕೆ ಎಷ್ಟು ಹತ್ತಿರ ಬಂದಿದೆ ಎಂಬುದನ್ನು ಬೆಳಕಿನಿಂದಲೇ ಅಳೆಯುವ ವಿಧಾನ. ಅಳತೆಗೆ ಸಿಗದ ದೋಷವನ್ನು ತಿದ್ದಲಾಗದು. ಆದ್ದರಿಂದ ದರ್ಪಣದ ಗುಣಮಟ್ಟ ಪರೀಕ್ಷೆಯ ಗುಣಮಟ್ಟವನ್ನು ಮೀರುವುದಿಲ್ಲ.

ಬೆಂಗಳೂರಿನ ಕೆಲಸ: ಕಾವಲೂರಿನ 2.34 ಮೀಟರ್ ವೈನು ಬಪ್ಪು ದೂರದರ್ಶಕದ ಮುಖ್ಯ ದರ್ಪಣವನ್ನು ಉಜ್ಜಿ ಪರೀಕ್ಷಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ. ದೂರದರ್ಶಕದ ಉದ್ಘಾಟನೆ 1986ರಲ್ಲಿ ನಡೆಯಿತು. ಅದರ ಕನಸು ಕಂಡ ಬಪ್ಪು 1982ರಲ್ಲೇ ತೀರಿಕೊಂಡಿದ್ದರು.

ವಿಧಾನ: ಫುಕೋ 1858ರಲ್ಲಿ ಸೂಚಿಸಿದ ಅಲಗಿನ ಪರೀಕ್ಷೆ ಇಂದಿಗೂ ಮೊದಲ ಪಾಠ. ದರ್ಪಣದ ವಕ್ರತಾ ಕೇಂದ್ರದ ಬಳಿ ಸೂಜಿರಂಧ್ರದಷ್ಟು ಬೆಳಕಿಟ್ಟು, ಮರಳಿ ಬಂದ ಕಿರಣಗಳು ಕೂಡುವಲ್ಲಿ ಬ್ಲೇಡನ್ನು ಮೆಲ್ಲಗೆ ಅಡ್ಡ ತರುತ್ತಾರೆ. ಮೈ ಪೂರ್ಣ ಗೋಳೀಯವಾಗಿದ್ದರೆ ದರ್ಪಣವೆಲ್ಲ ಒಮ್ಮೆಗೇ ಮಬ್ಬಾಗುತ್ತದೆ. ಉಬ್ಬುತಗ್ಗುಗಳಿದ್ದರೆ ನೆರಳುಗಳಾಗಿ ಎದ್ದು ಕಾಣುತ್ತವೆ. ಆದರೆ ನಕ್ಷತ್ರದ ಬೆಳಕನ್ನು ಒಂದೇ ಬಿಂದುವಿಗೆ ತರಲು ಬೇಕಾದದ್ದು ಪರವಲಯದ ಮೈ. ಕಾವಲೂರಿನ ದರ್ಪಣದ ಸಂಗಮದೂರ ಸುಮಾರು 7.6 ಮೀಟರ್. ಲೆಕ್ಕ ಹಾಕಿದರೆ, ನಡುವಿನಲ್ಲಿ ಅದಕ್ಕೆ ಹೊಂದುವ ಗೋಳಕ್ಕೂ ಪರವಲಯಕ್ಕೂ ಅಂಚಿನಲ್ಲಿ ಬರುವ ವ್ಯತ್ಯಾಸ ಸುಮಾರು 67 ಮೈಕ್ರೋಮೀಟರ್, ಅಂದರೆ ಒಂದು ತಲೆಗೂದಲಿನ ದಪ್ಪ. ಇಷ್ಟರಿಂದಲೇ ಈ ಪರೀಕ್ಷೆಯಲ್ಲಿ ಅಂಚಿನ ಕಿರಣಗಳು ನಡುವಿನವುಗಳಿಗಿಂತ ಸುಮಾರು 9 ಸೆಂ.ಮೀ. ಆಚೆ ಕೂಡುತ್ತವೆ. ಈ ಅಂತರವನ್ನು ಸರಿದೂಗಿಸಲು ನಡುವೆ ಸಹಾಯಕ ಮಸೂರಗಳನ್ನು ಇಡುವುದುಂಟು. ಆ ಮಸೂರಗಳೇ ತಪ್ಪಿದರೆ ದರ್ಪಣ ಬಹು ನಯವಾಗಿ ತಪ್ಪು ಆಕಾರಕ್ಕೆ ಬರುತ್ತದೆ. ಹಬಲ್ ದೂರದರ್ಶಕದಲ್ಲಿ ಆದದ್ದು ಅದೇ: ಪರೀಕ್ಷಾ ಸಾಧನದ ಒಂದು ಮಸೂರ 1.3 ಮಿ.ಮೀ. ಸರಿದಿದ್ದರಿಂದ ದರ್ಪಣದ ಅಂಚು ಸುಮಾರು 2.2 ಮೈಕ್ರೋಮೀಟರ್ ಹೆಚ್ಚು ಚಪ್ಪಟೆಯಾಯಿತು. ಒಂದೇ ವಿಧಾನವನ್ನು ನಂಬಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಗುರುತ್ವದ ಅಧ್ಯಯನ: ಸೂರ್ಯನ ಅಂಚನ್ನು ಸವರಿ ಬರುವ ಬೆಳಕು ಅದರ ಗುರುತ್ವದಿಂದ 1.75 ಆರ್ಕ್ ಸೆಕೆಂಡ್ ಬಾಗಬೇಕೆಂಬುದು ಐನ್‌ಸ್ಟೈನರ ಸಿದ್ಧಾಂತ. 1922ರ ಗ್ರಹಣದಲ್ಲಿ ಇದನ್ನು ಅಳೆಯಲು ಕೊಡೈಕನಾಲ್ ವೀಕ್ಷಣಾಲಯದ ಖಗೋಳಜ್ಞ ಎವರ್‌ಶೆಡ್ ಆಸ್ಟ್ರೇಲಿಯದ ವಾಲಲ್‌ಗೆ ಹೋದರು. ಉಪಕರಣದ ತೊಂದರೆಯಿಂದ ಫಲ ಸಿಗಲಿಲ್ಲ. ಅಲ್ಲೇ ಇದ್ದ ಲಿಕ್ ವೀಕ್ಷಣಾಲಯದ ತಂಡ ಯಶಸ್ವಿಯಾಯಿತು. ಇಂದು ಕಪ್ಪು ದ್ರವ್ಯದ ಹಂಚಿಕೆಯನ್ನು, ಬೆಳಕಿನ ಇದೇ ಬಾಗುವಿಕೆಯಿಂದ ದೂರದ ಗೆಲಾಕ್ಸಿಗಳ ಬಿಂಬಗಳಲ್ಲಿ ಕಾಣುವ, ಹಲವೆಡೆ ಶೇಕಡಾ ಒಂದರ ಆಸುಪಾಸಿನ ಹಿಗ್ಗುವಿಕೆಯಿಂದ ಗುರುತಿಸುತ್ತಾರೆ. ದರ್ಪಣದ ದೋಷವೂ ಬಿಂಬವನ್ನು ಹೀಗೆಯೇ ಹಿಗ್ಗಿಸಬಲ್ಲದು. ಎರಡನ್ನೂ ಬೇರ್ಪಡಿಸಲು ಅದೇ ಚಿತ್ರದಲ್ಲಿರುವ ನಕ್ಷತ್ರಗಳ ಆಕಾರವನ್ನು ಮೊದಲು ಅಳೆಯಬೇಕಾಗುತ್ತದೆ.

ಹೊಸಕೋಟೆ: ಇಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 2020ರಲ್ಲಿ ಮೂವತ್ತು ಮೀಟರ್ ದೂರದರ್ಶಕಕ್ಕಾಗಿ ದರ್ಪಣ ತಯಾರಿಕಾ ಘಟಕ ಆರಂಭವಾಯಿತು. ಆ ದೂರದರ್ಶಕಕ್ಕೆ 1.44 ಮೀಟರ್ ಅಗಲದ 492 ಷಟ್ಕೋನ ತುಂಡುಗಳು ಬೇಕು. ಗಾಜನ್ನು ಬಲ ಹಾಕಿ ಬಾಗಿಸಿ, ಗೋಳೀಯವಾಗಿ ಪಾಲಿಶ್ ಮಾಡಿ, ಬಲ ತೆಗೆದಾಗ ಅದು ತಾನಾಗಿ ಬೇಕಾದ ಆಕಾರ ತಳೆಯುವಂತೆ ಮಾಡುವುದು ಇಲ್ಲಿನ ತಂತ್ರ.