ಒಂದು ವೋಲ್ಟ್ ಕಳೆದುಹೋಗುವ ದಾರಿ

ಟೇಕಲ್ ಎಂದರೆ ಕಲ್ಲು. ಮಾಲೂರು ತಾಲ್ಲೂಕಿನ ಈ ಊರಿನ ಸುತ್ತಮುತ್ತ ಬಂಡೆ ಒಡೆದು ಬದುಕಿದವರಿಗೆ ಕಲ್ಲಿನ ದೋಷ ಹಿಡಿಯುವ ಬಗೆ ಗೊತ್ತು. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಲ್ಲು ಖಣ್ಣೆನ್ನುತ್ತದೆ, ಒಳಗೆ ಬಿರುಕಿದ್ದರೆ ಸದ್ದು ಮಂಕಾಗುತ್ತದೆ. ತಟ್ಟದೆ ಬರೀ ಕಣ್ಣಲ್ಲಿ ನೋಡಿದರೆ ಎರಡೂ ಒಂದೇ. ವಿದ್ಯುತ್ತಿನ ದೋಷವೂ ಹೀಗೆಯೇ, ಕೆಲಸಕ್ಕೆ ಹಚ್ಚುವವರೆಗೆ ಬಾಯಿ ಬಿಡುವುದಿಲ್ಲ.

ಈ ಸೀಮೆಗೆ ವಿದ್ಯುತ್ ಬಂದದ್ದು ಬಹಳ ಬೇಗ. ಟೇಕಲ್ ದಾಟಿದ ರೈಲು ಬಂಗಾರಪೇಟೆ ಮುಟ್ಟುತ್ತದೆ, ಅಲ್ಲಿಂದ ಚಿನ್ನದ ಗಣಿ ಹತ್ತಿರ. ಆ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಅಷ್ಟು ದೂರ ಸಾಗಿಸಲು 30,000 ವೋಲ್ಟ್‌ನ ಆಸುಪಾಸಿನ ಒತ್ತಡ ಬೇಕಾಯಿತು. ಕಾರಣ ಸರಳ: ವೋಲ್ಟ್ ಏರಿಸಿದರೆ ಅಷ್ಟೇ ಶಕ್ತಿಗೆ ಕರೆಂಟು ಕಡಿಮೆ ಸಾಕು, ಕರೆಂಟು ಇಳಿದರೆ ತಂತಿಯಲ್ಲಿ ಸೋರುವುದೂ ಇಳಿಯುತ್ತದೆ. ಜರ್ಮನಿಯ ಓಮ್ 1827ರಲ್ಲಿ ಬರೆದಿಟ್ಟ ನಿಯಮದ ಲೆಕ್ಕವಿದು.

ಈಗ ಕಾರಿಗೆ ಬರೋಣ. ಸ್ಟೀರಿಂಗ್ ತಿರುಗಿಸಲು ಯಂತ್ರದ ನೆರವು ಕೊಡುವ ವ್ಯವಸ್ಥೆಯನ್ನು ಅಮೆರಿಕದ ಫ್ರಾನ್ಸಿಸ್ ಡೇವಿಸ್ 1920ರ ದಶಕದಲ್ಲೇ ಮಾಡಿ ತೋರಿಸಿದ್ದ. ಅದು ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಎಣ್ಣೆಯ ಒತ್ತಡದಿಂದ ನಡೆಯುವ ಆ ವ್ಯವಸ್ಥೆಯ ದೋಷಗಳು ಕಣ್ಣಿಗೆ, ಕಿವಿಗೆ ಸಿಗುತ್ತಿದ್ದವು: ಎಣ್ಣೆ ತೊಟ್ಟಿಕ್ಕುತ್ತಿತ್ತು, ಬೆಲ್ಟ್ ಕಿರುಗುಟ್ಟುತ್ತಿತ್ತು. ಆದರೆ ನಿಂತ ಗಾಡಿಗೆ ಬೇಕಾದಷ್ಟೇ ನೆರವು ಹೆದ್ದಾರಿಯಲ್ಲೂ ಸಿಕ್ಕರೆ ಸ್ಟೀರಿಂಗ್ ಅಪಾಯಕಾರಿಯಾಗಿ ಹಗುರಾಗುತ್ತದೆ. ಹಾಗಾಗಿ ವೇಗ ನೋಡಿ ನೆರವು ಹೆಚ್ಚುಕಡಿಮೆ ಮಾಡುವ ಬಗೆಗಳು ಬಂದವು. 1988ರಲ್ಲಿ ಸುಜುಕಿ ತನ್ನ ಸೆರ್ವೋ ಎಂಬ ಪುಟ್ಟ ಕಾರಿನಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟರನ್ನೇ ಇಟ್ಟಿತು. ಕೈ ಎಷ್ಟು ಬಲ ಹಾಕುತ್ತಿದೆ ಎಂದು ಒಂದು ಸೆನ್ಸರ್, ಗಾಡಿಯ ವೇಗ ಎಷ್ಟೆಂದು ಇನ್ನೊಂದು ಹೇಳುತ್ತವೆ. ಕಂಟ್ರೋಲ್ ಯೂನಿಟ್ ಲೆಕ್ಕ ಹಾಕಿ ಮೋಟರಿಗೆ ಕರೆಂಟು ಬಿಡುತ್ತದೆ.

ತೊಡಕು ಇರುವುದು ಇಲ್ಲೇ. ಕಾರಿನಲ್ಲಿರುವುದು ಬರೀ 12 ವೋಲ್ಟ್. ಹಾಗಾಗಿ ನಿಂತಲ್ಲೇ ಚಕ್ರ ತಿರುಗಿಸುವಾಗ ಮೋಟರು 50 ಆಂಪಿಯರ್ ಎಳೆದರೂ ಆಶ್ಚರ್ಯವಿಲ್ಲ. ಅರ್ತ್ ತಂತಿಯ ತುದಿಯಲ್ಲಿ ತುಕ್ಕು ಹಿಡಿದು 0.02 ಓಮ್ ತಡೆ ಹುಟ್ಟಿದೆ ಎನ್ನಿ. ಗುಣಿಸಿದರೆ ಅಲ್ಲೇ 1 ವೋಲ್ಟ್ ಹೋಯಿತು. ಗಣಿಯ ತಂತಿಯಲ್ಲಿ 1 ವೋಲ್ಟ್ ಲೆಕ್ಕಕ್ಕೇ ಬಾರದು, ಕಾರಿನಲ್ಲಿ ಅದು ಹನ್ನೆರಡರಲ್ಲೊಂದು ಪಾಲು. ನೆರವು ಕುಗ್ಗುತ್ತದೆ, ದೀಪ ಹೊತ್ತುತ್ತದೆ, ಸ್ಟೀರಿಂಗ್ ತಿರುಗಿದರೂ ಕಲ್ಲಿನಷ್ಟು ಭಾರವಾಗುತ್ತದೆ.

ಸ್ಕ್ಯಾನರ್ ತೋರಿಸುವ ಕೋಡ್ ದೋಷ ಕಂಡ ಜಾಗವನ್ನು ಹೇಳುತ್ತದೆ, ದೋಷದ ಮೂಲವನ್ನಲ್ಲ. ಕೋಡ್ ನಂಬಿ ಮೋಟರು, ಕಂಟ್ರೋಲ್ ಯೂನಿಟ್ ಬದಲಿಸಿದರೆ ಬಾಡಿಗೆ ಕಾರು ಓಡಿಸುವವನ ವಾರಗಳ ದುಡಿಮೆ ಕರಗುತ್ತದೆ, ತುಕ್ಕು ಅಲ್ಲೇ ಉಳಿಯುತ್ತದೆ. ಗಾಡಿ ಆಫ್ ಮಾಡಿ ಓಮ್ ಅಳೆದರೂ ಪ್ರಯೋಜನ ಕಡಿಮೆ. ಅಷ್ಟು ಸಣ್ಣ ತಡೆ ಸಾಧಾರಣ ಮಲ್ಟಿಮೀಟರಿನ ಸ್ವಂತ ತಂತಿಯ ತಡೆಯಲ್ಲೇ ಮುಚ್ಚಿಹೋಗುತ್ತದೆ. ಬಲ್ಲ ಮೆಕ್ಯಾನಿಕ್ ಮೊದಲು ಬ್ಯಾಟರಿ, ಫ್ಯೂಸ್ ನೋಡುತ್ತಾನೆ. ಆಮೇಲೆ ಎಂಜಿನ್ ಚಾಲೂ ಇಟ್ಟು, ಒಬ್ಬರಿಗೆ ಸ್ಟೀರಿಂಗ್ ತಿರುಗಿಸಲು ಹೇಳಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಕಂಟ್ರೋಲ್ ಯೂನಿಟ್‌ನ ಅರ್ತ್‌ಗೆ ಹಿಡಿಯುತ್ತಾನೆ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕಾದ ಅಂಕಿ ಅರ್ಧ ವೋಲ್ಟಿನತ್ತ ಏರಿದರೆ ಕಳ್ಳ ಸಿಕ್ಕ. ಪ್ಲಸ್ ತಂತಿಗೂ ಇದೇ ಪರೀಕ್ಷೆ. ಎರಡೂ ಸರಿಯಿದ್ದರೆ ಮಾತ್ರ ಸೆನ್ಸರು, ಮೋಟರಿನ ಸರದಿ. ಕಲ್ಲನ್ನು ತಟ್ಟಿ ನೋಡಿದ ಹಾಗೆಯೇ ಇದು.

ತಂತ್ರಜ್ಞಾನದ ಚರಿತ್ರೆ ಬರೆಯುವ ನಾವು ಹೆಚ್ಚಾಗಿ ಕಂಡುಹಿಡಿದವರನ್ನು, ಕಟ್ಟಿಸಿದವರನ್ನು ಹೆಸರಿಸುತ್ತೇವೆ. ಶಿವನಸಮುದ್ರ ಎಂದೊಡನೆ ದಿವಾನ್ ಶೇಷಾದ್ರಿ ಅಯ್ಯರ್ ನೆನಪಾಗುತ್ತಾರೆ. ಆದರೆ ಆ ತಂತಿಯನ್ನು ಮರುದಿನವೂ, ಮರುವರ್ಷವೂ ಜೀವಂತವಾಗಿಟ್ಟದ್ದು ಎಲ್ಲಿ ಕೆಟ್ಟಿದೆ ಎಂದು ಹುಡುಕುತ್ತಿದ್ದವರ ಕೆಲಸ. ಯಂತ್ರವೊಂದು ಊರಿನದಾಗುವುದು ಅಲ್ಲಿಗೆ ಬಂದ ದಿನವಲ್ಲ, ಅದರ ದೋಷವನ್ನು ಊರಿನವರೇ ಹಿಡಿಯಬಲ್ಲ ದಿನ. ರಸ್ತೆಬದಿಯ ಗ್ಯಾರೇಜುಗಳ ಆ ವಿದ್ಯೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟುತ್ತದೆ. ಅದನ್ನು ಬರೆದಿಡುವುದೂ ಚರಿತ್ರಕಾರರ ಕೆಲಸವೇ.